ಹೆಪ್ಪುಗಟ್ಟಿದ ಕುಸುಬೆ ಎಣ್ಣೆ

ಕುಸುಬೆ ಎಣ್ಣೆ ನಮ್ಮೂರಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಧನುರ್ಮಾಸದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಡಬ್ಬಿಯೊಳಗೆ ಕಲ್ಲಾಗಿ ಕೂತಿರುವಾಗ ಪಕ್ಕದ ಡಬ್ಬಿಯ ಕುಸುಬೆ ಎಣ್ಣೆ ನೀರಿನ ಹಾಗೆ ಅಲ್ಲಾಡುತ್ತಿರುತ್ತದೆ. ಗಾಣ ನಡೆಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ತರೀಕೆರೆಯಿಂದ ತಂಗಿ ಫೋನ್ ಮಾಡಿ, ನಾನು ಕಳಿಸಿದ ಕುಸುಬೆ ಎಣ್ಣೆಯ ಬಾಟಲಿಯ ತಳದಲ್ಲಿ ಬೆಳ್ಳಗೆ ಏನೋ ಕೂತಿದೆ ಎಂದಾಗ, ಅದು ಏನೆಂದು ನಾನು ಯೋಚಿಸಬೇಕಾಗಿಯೇ ಇರಲಿಲ್ಲ.

"ಮಡ್ಡಿ ಅಲ್ಲ ಕಣಕ್ಕ. ಮಡ್ಡಿ ಆದ್ರೆ ಕಪ್ಪಗಿರ್ತದೆ. ಇದು ಸುಣ್ಣದ ಥರ ಐತೆ," ಎಂದಳು.

"ಚಳಿಗೆ ಹಂಗಾಯ್ತದೆ ಕಣೇ. ಬಿಸಿನೀರಲ್ಲಿ ಇಡು, ಕರಗ್ತದೆ," ಎಂದೆ ನಾನು.

ಅವಳು ಹೂಂ ಎಂದಳು. ಅಕ್ಕ ಹೇಳಿದ ಮೇಲೆ ಮುಗಿಯಿತು. ಆ ಹೂಂ ಅನ್ನುವುದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಡೂರಿನ ಅಂಚಿನಲ್ಲಿ ನಮ್ಮದೊಂದು ಮರದ ಗಾಣವಿದೆ. ಎತ್ತಿನ ಬದಲು ಮೋಟಾರು ತಿರುಗಿಸುತ್ತದೆ, ಅಷ್ಟೇ. ಸುತ್ತಲಿನ ತೋಟದವರು ಕೊಬ್ಬರಿ ತರುತ್ತಾರೆ. ಹಿರೇನಲ್ಲೂರಿನ ಕಡೆಯವರು ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ತರುತ್ತಾರೆ. ಗಾಣ ನೋಡಿಕೊಳ್ಳುವವರು ನಮ್ಮ ಯಜಮಾನರು. ಎಣ್ಣೆಯನ್ನು ಮಡ್ಡಿ ಇಳಿಯುವ ತನಕ ಇಡುವುದು, ಬಟ್ಟೆಯಲ್ಲಿ ಸೋಸುವುದು, ಬಾಟಲಿಗೆ ತುಂಬುವುದು ನನ್ನ ಪಾಲಿನ ಕೆಲಸ.

ತಂಗಿ ನನಗಿಂತ ಬಹಳ ಚಿಕ್ಕವಳು. ಪಿಯುಸಿ ಮುಗಿಸಿ, ಶಿವಮೊಗ್ಗದಲ್ಲಿ ಬ್ಯೂಟಿಷಿಯನ್ ತರಬೇತಿ ಪಡೆದು, ತರೀಕೆರೆಗೆ ಮದುವೆಯಾಗಿ ಹೋಗಿ, ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೆಂಗಸರ ಪಾರ್ಲರ್ ಇಟ್ಟಿದ್ದಾಳೆ. ಅವಳು ಹೈಸ್ಕೂಲಿನಲ್ಲಿದ್ದಾಗ ಮುಖದ ತುಂಬಾ ಮೊಡವೆ. ನಮ್ಮ ತಾಯಿಯ ಮನೆಯಲ್ಲಿ ತಲೆಗೆ, ಮೈಗೆ, ಒಡೆದ ಹಿಮ್ಮಡಿಗೆ ಎಲ್ಲಕ್ಕೂ ಒಂದೇ ಎಣ್ಣೆ, ಕೊಬ್ಬರಿ ಎಣ್ಣೆ. ಒಳಗಿನ ಕಾವು ಇಳಿಯುತ್ತದೆ ಎಂದು ಭಾನುವಾರ ಭಾನುವಾರ ನಾನೇ ಅವಳ ಮುಖಕ್ಕೆ ಅದನ್ನು ತಿಕ್ಕುತ್ತಿದ್ದೆ. ಮೊಡವೆ ಇನ್ನೂ ಹೆಚ್ಚಾಗುತ್ತಿತ್ತು. ಅವಳು ಶಾಲೆಗೆ ಹೋಗುವಾಗ ಪುಸ್ತಕವನ್ನು ಗದ್ದಕ್ಕೆ ಒತ್ತಿ ಹಿಡಿದುಕೊಂಡು ನಡೆಯುತ್ತಿದ್ದಳು. ತಪ್ಪು ಎಣ್ಣೆಯದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನಾನು ಮದುವೆಯಾಗಿ ಗಾಣದ ಮನೆಗೆ ಬಂದ ಮೇಲೆ, ಶಿವನಿಯ ಕಡೆಯ ರೈತರೊಬ್ಬರು ಒಮ್ಮೆ ಕುಸುಬೆ ತಂದರು. ಕಡಲೆ ಹೊಲದ ಸುತ್ತ ಸಾಲು ಬಿಡದ ಹಾಗೆ ಕುಸುಬೆ ಬಿತ್ತುವುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಗಿಡ ಮುಳ್ಳಾದ್ದರಿಂದ ದನ ಒಳಗೆ ನುಗ್ಗುವುದಿಲ್ಲ. ಈಗ ಸುತ್ತಮುತ್ತ ಯಾರೂ ಹಾಗೆ ಬಿತ್ತುವುದಿಲ್ಲ, ತಂತಿ ಬೇಲಿ ಬಂದಿದೆ. ಆ ಎಣ್ಣೆ ಸೋಸುವಾಗ ಕೈಗೆ ಮೆತ್ತಿಕೊಂಡದ್ದು ಜಿಡ್ಡು ಉಳಿಸದೆ ಇಂಗಿ ಹೋಯಿತು. ತಂಗಿಗೆ ಸ್ವಲ್ಪ ಕಳಿಸಿದೆ. ತಿಂಗಳು ಕಳೆದ ಮೇಲೆ ಅವಳು ಬಂದು ಗಾಣದ ಬಾಗಿಲಲ್ಲಿ ನಿಂತು, ಮುಖವನ್ನು ಬೆಳಕಿಗೆ ತಿರುಗಿಸಿ ತೋರಿಸಿದಳು. ಮುಖದ ಎಣ್ಣೆಯ ಕೆಲಸ ನಮ್ಮಿಬ್ಬರಿಗೆ ಶುರುವಾದದ್ದು ಹಾಗೆ.

ಯಜಮಾನರಿಗೆ ಇದು ಬಹಳ ದಿನ ತಮಾಷೆಯಾಗಿತ್ತು. "ಮುಖಕ್ಕೆ ಎಣ್ಣೆ ಸವರ್ಕೊಂಡು ದೋಸೆ ಹುಯ್ಕೋತಾರಾ?" ಎನ್ನುತ್ತಿದ್ದರು. ಶಿವನಿಯ ರೈತರೂ ಕಮ್ಮಿಯಿಲ್ಲ. ಕುಸುಬೆ ಬಿತ್ತುವುದು ದನ ತಡೆಯುವುದಕ್ಕೆ, ನಿಮ್ಮ ತಂಗಿ ಅದರಲ್ಲಿ ಮೊಡವೆ ತಡೆಯುತ್ತಾಳಲ್ಲ ಎಂದು ನಗುತ್ತಿದ್ದರು.

ತಂಗಿ ಯಾರಿಗೂ ಬಂದ ತಕ್ಷಣ ಎಣ್ಣೆ ಕೊಡುವವಳಲ್ಲ. ಮೊದಲು ಸೋಪು ಹಾಕದೆ ಬರೀ ನೀರಿನಲ್ಲಿ ಮುಖ ತೊಳೆಸಿ, ಫ್ಯಾನ್ ಆರಿಸಿ ಸುಮ್ಮನೆ ಕೂರಿಸುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ತೆಳ್ಳನೆಯ ಟಿಶ್ಯೂ ಕಾಗದವನ್ನು ಹಣೆಗೆ, ಮೂಗಿಗೆ, ಕೆನ್ನೆಗೆ, ಗದ್ದಕ್ಕೆ ಬೇರೆ ಬೇರೆಯಾಗಿ ಒತ್ತಿ ಬೆಳಕಿಗೆ ಹಿಡಿಯುತ್ತಾಳೆ. ಎಲ್ಲ ಕಡೆ ಜಿಡ್ಡು ಅಂಟಿದ್ದರೆ ಅದು ಎಣ್ಣೆ ಚರ್ಮ. ಎಲ್ಲಿಯೂ ಅಂಟದೆ, ನಕ್ಕರೆ ಕೆನ್ನೆ ಬಿಗಿಯುತ್ತದೆ ಎಂದರೆ ಒಣ ಚರ್ಮ. ಅವಳಲ್ಲಿಗೆ ಬರುವ ಹೆಚ್ಚಿನವರದು ಎರಡೂ ಸೇರಿದ್ದು, ಹಣೆ ಮೂಗು ಹೊಳೆಯುತ್ತವೆ, ಕೆನ್ನೆ ಒಣಗಿರುತ್ತದೆ. ಕೆಲವರಿಗೆ ಅರಿಶಿನ ಸೋಕಿದರೂ ಕೆಂಪಾಗುತ್ತದೆ. ಅಂಥವರಿಗೆ ಏನನ್ನಾದರೂ ಕೊಡಲು ಅವಳಿಗೆ ಹೆದರಿಕೆ. ಡಾಕ್ಟರಿಗೆ ತೋರಿಸಿ ಎಂದು ಕಳಿಸಿಬಿಡುತ್ತಾಳೆ.

ಒಣ ಚರ್ಮಕ್ಕೆ ಎಳ್ಳೆಣ್ಣೆ. ಅಡುಗೆಗಾದರೆ ಎಣ್ಣೆ ಚೆನ್ನಾಗಿ ಬಿಡಲಿ ಎಂದು ಗಾಣಕ್ಕೆ ಒಂದು ಚೂರು ಬೆಲ್ಲ ಹಾಕುತ್ತೇವೆ. ಮುಖಕ್ಕೆಂದು ತೆಗೆಯುವಾಗ ಬೆಲ್ಲ ಹಾಕುವುದಿಲ್ಲ. ತೀರಾ ಬಿರಿದ ಚರ್ಮವಾದರೆ ಎಳ್ಳೆಣ್ಣೆಗೆ ಒಂದೆರಡು ಹನಿ ಹರಳೆಣ್ಣೆ. ಹರಳೆಣ್ಣೆಯೊಂದನ್ನೇ ಹಚ್ಚಿದರೆ ಮುಖಕ್ಕೆ ಅಂಟು ಬಳಿದ ಹಾಗಾಗುತ್ತದೆ. ಎರಡೂ ಸೇರಿದ ಚರ್ಮಕ್ಕೆ ಕೆನ್ನೆಗೆ ಎಳ್ಳು, ಹಣೆ ಮೂಗಿಗೆ ಕುಸುಬೆ. ಮೊಡವೆ ಏಳುವ ಎಣ್ಣೆ ಚರ್ಮಕ್ಕೆ ಕುಸುಬೆ ಮಾತ್ರ, ಅದೂ ಒದ್ದೆ ಮುಖದ ಮೇಲೆ ಎರಡು ಮೂರು ಹನಿ, ತಿಕ್ಕದೆ ಒತ್ತಿ ಒತ್ತಿ ಹಚ್ಚಬೇಕು. ಬೇವಿನೆಣ್ಣೆ ಕೇಳಿಕೊಂಡು ಬರುವವರಿಗೆ ಉರಿಯುತ್ತದೆ ಎಂದು ಹೇಳಿ ಕಳಿಸುತ್ತಾಳೆ. ಕಡಲೆಕಾಯಿ ಎಣ್ಣೆ ಕೆಲವರ ಮೈಗೆ ಒಗ್ಗುವುದೇ ಇಲ್ಲವಾದ್ದರಿಂದ ಅದನ್ನು ಇಡುವುದಿಲ್ಲ. ಕೊಬ್ಬರಿ ಎಣ್ಣೆ ಕೂದಲಿಗೆ, ಕೈ ಕಾಲಿಗೆ. ಮುಖದ ಎಣ್ಣೆಗಳ ಶೆಲ್ಫಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಎಣ್ಣೆ ಆರಿಸಿದ ಮೇಲೂ ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ, ನಾಳೆ ಬನ್ನಿ ಎನ್ನುತ್ತಾಳೆ. ಅಲ್ಲಿ ತುರಿಕೆ, ಉರಿ ಇಲ್ಲದಿದ್ದರೆ ಮಾತ್ರ ಮುಖಕ್ಕೆ. ಆದರೆ ಆ ಪರೀಕ್ಷೆ ಮೊಡವೆಯ ವಿಷಯ ಏನೂ ಹೇಳುವುದಿಲ್ಲ. ಅದು ಮುಖದ ಮೇಲೆ ಹಚ್ಚಿ ವಾರಗಟ್ಟಲೆ ಕಾದಾಗಲೇ ತಿಳಿಯುವುದು. ಆ ವಿಷಯದಲ್ಲಿ ಅವಳು ನಂಬಿದ್ದು ಎಣ್ಣೆಯನ್ನು, ಅಂದರೆ ನನ್ನನ್ನು.

ಮಾಘದಲ್ಲಿ ಮದುವೆಯಿದ್ದ ಹುಡುಗಿಯೊಬ್ಬಳು ಅಜ್ಜಂಪುರದಿಂದ ತಂಗಿಯ ಹತ್ತಿರ ಬಂದಳು. ಅಲ್ಲಿ ದೊಡ್ಡ ಕಿರಾಣಿ ಅಂಗಡಿ ಇಟ್ಟವರ ಮಗಳು. ತಾಯಿ ಎಲ್ಲ ಮನೆಗಳಲ್ಲೂ ಓಡಾಟವಿರುವ ಹೆಂಗಸು, ಯಾರ ಮನೆಯ ಮದುವೆಯಾದರೂ ಸೀರೆಯಿಂದ ಹೂವಿನ ತನಕ ಅವರನ್ನೇ ಕೇಳುತ್ತಾರೆ. ತಂಗಿಗೆ ಆ ಊರಿನಿಂದ ಬಂದ ಮೊದಲ ಮದುವಣಗಿತ್ತಿ ಅವಳು. ಹುಡುಗಿಯದು ಎಣ್ಣೆ ಚರ್ಮ, ಹಣೆಯಲ್ಲಿ ಅಷ್ಟಿಷ್ಟು ಮೊಡವೆ. ತಂಗಿ ಕಾಗದ ಒತ್ತಿ ನೋಡಿ, ತನ್ನಲ್ಲಿ ಉಳಿದಿದ್ದ ಕುಸುಬೆ ಎಣ್ಣೆಯಲ್ಲಿ ಮೊಣಕೈ ಪರೀಕ್ಷೆ ಮುಗಿಸಿ, ಮದುವೆಯ ತನಕ ಸಾಲುವಷ್ಟು ಎಣ್ಣೆ ಕಳಿಸು ಎಂದು ನನಗೆ ಫೋನ್ ಮಾಡಿದಳು.

"ಈ ಒಂದು ಮುಖ ಚೆನ್ನಾಗಿ ಬಂದ್ರೆ ಅಜ್ಜಂಪುರದ ಕಡೆಯೆಲ್ಲ ನನ್ನ ಹತ್ರಕ್ಕೇ ಬತ್ತಾರೆ ಅಕ್ಕ," ಎಂದಳು. ಆಮೇಲೆ, "ನಿನ್ನ ಹತ್ರ ಇಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬೇಜಾರಿಲ್ಲ. ಶಿವಮೊಗ್ಗದಿಂದ ಕಂಪನಿ ಎಣ್ಣೆ ತರುಸ್ಕೋತೀನಿ," ಎಂದಳು.

ಅವಳು ಸಹಜವಾಗಿ ಹೇಳಿದ ಮಾತು. ನನಗೆ ಮಾತ್ರ ಚುಚ್ಚಿತು. ಅವಳು ಓದಿದವಳು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದವಳು. ಅವಳ ಕೆಲಸದಲ್ಲಿ ನನ್ನದು ಅಂತ ಇದ್ದದ್ದು ಆ ಎಣ್ಣೆ ಒಂದೇ. ಅದೂ ಕಂಪನಿಯಿಂದ ಬಂದುಬಿಟ್ಟರೆ ನಾನು ಬರೀ ಕೊಬ್ಬರಿ ಹಿಂಡುವವಳಾಗಿ ಉಳಿಯುತ್ತೇನೆ ಅನ್ನಿಸಿತು. "ಯಾಕಿಲ್ಲ? ಐತೆ, ಕಳಿಸ್ತೀನಿ," ಎಂದುಬಿಟ್ಟೆ.

ಫೋನ್ ಇಟ್ಟು ಹೋಗಿ ನೋಡಿದರೆ ಒಂದು ಡಬ್ಬಿ ಪೂರಾ ಕೆಟ್ಟಿತ್ತು. ಕುಸುಬೆ ಎಣ್ಣೆಗೆ ಕಾವು ಆಗುವುದಿಲ್ಲ. ಬೇಸಿಗೆಯಲ್ಲಿ ಅದನ್ನು ತಂಪಿನ ಕೋಣೆಗೆ ಸರಿಸಬೇಕಾಗಿತ್ತು, ನಾನು ತಗಡಿನ ಶೀಟಿನ ಕೆಳಗೇ ಬಿಟ್ಟಿದ್ದೆ. ಮುಚ್ಚಳ ತೆಗೆದರೆ ಹಳೆಯ ಬಣ್ಣದ ಡಬ್ಬಿಯ ಹಾಗೆ ಕಮಟು ವಾಸನೆ. ಇನ್ನೊಂದು ಡಬ್ಬಿ ಚೆನ್ನಾಗಿತ್ತು, ಆದರೆ ತಂಗಿ ಕೇಳಿದ್ದಕ್ಕೆ ಸಾಲುತ್ತಿರಲಿಲ್ಲ. ಹೊಸ ಬೆಳೆ ಬರುವುದು ಶಿವರಾತ್ರಿಯ ಹೊತ್ತಿಗೆ. ಶಿವನಿಯ ರೈತರಿಗೆ ಫೋನ್ ಮಾಡಿದೆ. ಬಿತ್ತನೆಗೆ ಇಟ್ಟದ್ದೂ ಖಾಲಿ, ಗಿಡ ಈಗಿನ್ನೂ ಮೊಣಕಾಲುದ್ದ ಇದೆ ಎಂದರು.

ಆಗಲೇ ತಂಗಿಗೆ ಫೋನ್ ಮಾಡಿ, ಎಣ್ಣೆ ಸಾಲದು ಕಣೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಪಾತ್ರೆಯಲ್ಲಿ ಮಡ್ಡಿ ಇಳಿಯಲು ಇಟ್ಟಿದ್ದ ಕೊಬ್ಬರಿ ಎಣ್ಣೆಯ ಮೇಲುಮೇಲಿನದನ್ನು, ನೀರಿನಷ್ಟು ತಿಳಿಯಾಗಿದ್ದದ್ದನ್ನು, ಸೌಟಿನಲ್ಲಿ ತೆಗೆದು ಕುಸುಬೆ ಎಣ್ಣೆಗೆ ಬೆರೆಸಿದೆ. ಎರಡು ಪಾಲು ಕುಸುಬೆ, ಒಂದು ಪಾಲು ಕೊಬ್ಬರಿ. ಮಧ್ಯಾಹ್ನದ ಬಿಸಿಲು, ಎರಡೂ ಕೂಡಿಕೊಂಡವು. ಬಣ್ಣ ಸ್ವಲ್ಪ ತೆಳುವಾಯಿತು. ಕಂದು ಬಣ್ಣದ ಬಾಟಲಿಗೆ ಹಾಕಿದ ಮೇಲೆ ಅದೂ ಕಾಣಲಿಲ್ಲ. ಯಜಮಾನರು ಒಳಗೆ ಬಂದು, ಕೊಬ್ಬರಿ ಪಾತ್ರೆ ಇಲ್ಲಿಗೆ ಯಾಕೆ ಬಂತು ಎಂದು ಕೇಳಿದರು. ತಲೆಗೆ ಹಚ್ಚಿಕೊಳ್ಳುವುದಕ್ಕೆ ಎಂದೆ.

ನಾವೆಲ್ಲ ಕೊಬ್ಬರಿ ಎಣ್ಣೆಯಲ್ಲೇ ಬೆಳೆದವರಲ್ಲವೇ, ಅದೇನು ವಿಷವೇ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಾದರೂ ಹೀಗೆ ಅಂದುಕೊಂಡಿದ್ದರೆ ತಿಳಿಯದೆ ಮಾಡಿದರು ಎನ್ನಬಹುದಿತ್ತು. ಆ ಎಣ್ಣೆ ಅಂಥ ಮುಖಕ್ಕೆ ಏನು ಮಾಡುತ್ತದೆ ಎಂಬುದನ್ನು ನನ್ನ ಕೈಯಾರೆ ತಿಕ್ಕಿ, ಭಾನುವಾರ ಭಾನುವಾರ ಕಂಡವಳು ನಾನು.

ಬಾಟಲಿಗಳು ತರೀಕೆರೆ ಸೇರಿದ ಕೆಲವು ದಿನಕ್ಕೆ ಚಳಿ ಜೋರಾಯಿತು. ಆಗ ಬಂದದ್ದೇ ಮೊದಲಿಗೆ ಹೇಳಿದ ಫೋನ್. ನಾನು ಬಿಸಿನೀರಿನಲ್ಲಿಡು ಎಂದೆ, ಅವಳು ಇಟ್ಟಳು, ಅದು ಕರಗಿತು. ಹುಡುಗಿಗೂ ಹಾಗೇ ಮಾಡಿಕೋ ಎಂದು ಹೇಳಿದಳಂತೆ. ನನ್ನ ಹತ್ತಿರ ಉಳಿದಿದ್ದ ಅದೇ ಬೆರಕೆಯನ್ನು ನಾನು ಮಾರನೆಯ ಬೆಳಿಗ್ಗೆ ನೋಡಿದೆ. ತಳದಲ್ಲಿ ಬೆರಳು ಗಾತ್ರ ಬೆಳ್ಳಗೆ ಕೂತು, ಮೇಲಿನ ಎಣ್ಣೆಯೂ ಗಂಜಿಯ ಹಾಗೆ ಮಬ್ಬಾಗಿತ್ತು. ಅದನ್ನು ದೇವರ ದೀಪಕ್ಕೆ ಸುರಿದು ಬಾಟಲಿ ತೊಳೆದಿಟ್ಟೆ.

ಮುಂದಿನ ಫೋನ್ ಬಂದಾಗ ತಂಗಿಯ ದನಿ ಸಣ್ಣಗಾಗಿತ್ತು. ಹುಡುಗಿಯ ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ, ಚರ್ಮದ ಒಳಗೆ ರಾಗಿ ಕಾಳಿನ ಹಾಗೆ ಸಿಗುತ್ತಿದೆ ಎಂದಳು. ತಲೆದಿಂಬಿನ ಬಟ್ಟೆ ಬದಲಾಯಿಸಲು ಹೇಳಿದ್ದಳು, ಶಾಂಪೂ ಬದಲಾಯಿಸಿದ್ದಳು, ಆವಿ ಹಿಡಿಸುವುದನ್ನು ನಿಲ್ಲಿಸಿದ್ದಳು. ಎಣ್ಣೆಯನ್ನೂ ಸ್ವಲ್ಪ ದಿನ ನಿಲ್ಲಿಸಲೇ ಎಂದು ನನ್ನನ್ನು ಕೇಳಿದಳು.

ನಿಲ್ಲಿಸಿದರೆ ಮೊಡವೆ ಇಳಿಯುತ್ತದೆ, ಇಳಿದರೆ ಎಣ್ಣೆಯದೇ ತಪ್ಪು ಎಂದು ಗೊತ್ತಾಗುತ್ತದೆ. ನನ್ನ ತಲೆಯಲ್ಲಿ ಬಂದದ್ದು ಅಷ್ಟೇ. ಆ ಹುಡುಗಿಯ ಮುಖ ಕಣ್ಣ ಮುಂದೆ ಬರಲೇ ಇಲ್ಲ.

"ನಿಲ್ಲುಸ್ಬೇಡ ಕಣೇ," ಎಂದೆ. "ಒಳಗಿರೋದೆಲ್ಲ ಮೊದ್ಲು ಹೊರಕ್ಕೆ ಬತ್ತದೆ. ಆಮೇಲೆ ತಾನೇ ಸರಿ ಹೋಯ್ತದೆ."

ನನ್ನ ಸುಳ್ಳುಗಳಲ್ಲೆಲ್ಲ ಕೆಟ್ಟದ್ದು ಇದು. ಮೊದಲಿನದು ಜಂಬಕ್ಕೆ ಹೇಳಿದ್ದು. ಇದು ಒಬ್ಬಳ ಮುಖ ಕೆಡುತ್ತಿದೆ ಎಂದು ತಿಳಿದ ಮೇಲೆ ಹೇಳಿದ್ದು. ತಂಗಿ ಎಣ್ಣೆ ನಿಲ್ಲಿಸಲಿಲ್ಲ.

ಸಂಕ್ರಾಂತಿಗೆ ಮೊದಲು ಎಳ್ಳು ಬೆಲ್ಲ ಕಟ್ಟಿಕೊಂಡು, ಅವಳ ಪಾರ್ಲರಿಗೆ ಬೇಕಾದ ಎಳ್ಳೆಣ್ಣೆಯನ್ನೂ ಹಿಡಿದು ಕಡೂರಿನಲ್ಲಿ ಬಸ್ ಹತ್ತಿದೆ. ಹೋಗಬೇಕೋ ಬೇಡವೋ ಎಂದು ಬೀರೂರು ದಾಟುವ ತನಕ ಅನ್ನಿಸುತ್ತಲೇ ಇತ್ತು. ತಂಗಿ ಒಬ್ಬಳೇ ಇದ್ದಳು. ಬಾಯಿ ಗದ್ದ ಮುಚ್ಚುವ ಹಾಗೆ ವೇಲು ಸುತ್ತಿಕೊಂಡಿದ್ದಳು. ಶೀತವೇನೇ ಎಂದು ಕೇಳಿದೆ. ಅವಳು ವೇಲು ಬಿಚ್ಚಿದಳು. ಗದ್ದದ ಎರಡೂ ಕಡೆ, ದವಡೆಯುದ್ದಕ್ಕೂ ಕೆಂಪಗೆ ಗಂಟು ಗಂಟಾಗಿ ಎದ್ದಿತ್ತು.

ಹುಡುಗಿಗೆ ಕೊಟ್ಟ ಎಣ್ಣೆಯನ್ನೇ ಅವಳು ತನ್ನ ಮುಖಕ್ಕೂ ಹಚ್ಚಿಕೊಳ್ಳುತ್ತಿದ್ದಳು. ನನ್ನ ಮೇಲೆ ಅನುಮಾನದಿಂದಲ್ಲ. ಎಣ್ಣೆ ಸರಿಯಿದೆ, ತಾನು ಮಾಡಿಸುವ ಬೇರೆ ಯಾವುದೋ ತಪ್ಪಿರಬೇಕು ಎಂದು ಗಟ್ಟಿ ಮಾಡಿಕೊಳ್ಳುವುದಕ್ಕೆ. ತನ್ನ ಚರ್ಮಕ್ಕೆ ಕುಸುಬೆ ಒಗ್ಗುತ್ತದೆ ಎಂದು ಗೊತ್ತಿದ್ದದ್ದರಿಂದ ಪರೀಕ್ಷೆಗೆ ತನ್ನ ಮುಖವೇ ಸರಿ ಎಂದುಕೊಂಡಿದ್ದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಜ್ಜಂಪುರದ ತಾಯಿ ಬಂದರು, ಹಿಂದೆ ಹುಡುಗಿ. ನಾನು ಆ ಹುಡುಗಿಯನ್ನು ನೋಡಿದ್ದು ಅದೇ ಮೊದಲು. ದುಂಡು ಮುಖ, ದೊಡ್ಡ ಕಣ್ಣು. ಹಣೆಯಿಂದ ಗದ್ದದ ತನಕ ಮೊಡವೆ. ಕೆಲವು ಕೀವು ತುಂಬಿ ಬಿಳಿಯಾಗಿದ್ದವು. ಅವಳು ಪುಸ್ತಕ ಹಿಡಿದಿರಲಿಲ್ಲ, ಆದರೂ ಗದ್ದವನ್ನು ತಗ್ಗಿಸಿಕೊಂಡೇ ನಿಂತಿದ್ದಳು.

ತಾಯಿ ಕೂಗಾಡಲಿಲ್ಲ. ಬೀಗರ ಮನೆಯವರು ಬಂದು ನೋಡಿ ಹುಡುಗಿಗೆ ಏನಾಯಿತು ಎಂದು ಕೇಳಿದರಂತೆ, ಉತ್ತರ ಕೊಡಲಾಗಲಿಲ್ಲ ಎಂದರು. ಆಮೇಲೆ ತಂಗಿಯ ಮುಖ ನೋಡಿ, "ಏನಮ್ಮ, ನಿನ್ನ ಮುಖವೇ ಹಿಂಗೈತಲ್ಲ, ನಮ್ಮ ಮಗೀನ ಮುಖ ಏನು ಮಾಡ್ತೀಯ?" ಎಂದರು.

ತಂಗಿ ವೇಲನ್ನು ಮತ್ತೆ ಸುತ್ತಿಕೊಳ್ಳಲಿಲ್ಲ. "ತಪ್ಪು ನಂದೇ ಆಂಟಿ," ಎಂದಳು. "ನನ್ನ ಕೈಲೇ ಏನೋ ಹೆಚ್ಚುಕಮ್ಮಿ ಆಗೈತೆ. ಎಣ್ಣೆ ನಮ್ಮಕ್ಕಂದು, ಅದ್ರಲ್ಲಿ ಮೋಸ ಇಲ್ಲ."

ಆ ಅಕ್ಕ, ಅಂದರೆ ನಾನು, ಅವರ ಪಕ್ಕದಲ್ಲೇ ನಿಂತಿದ್ದೆ. ಕೈಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ. ಆಗ ನಾನು ಹೇಳಬಹುದಿತ್ತು. ಹೇಳಲಿಲ್ಲ. ತಾಯಿ ಬಾಟಲಿಯನ್ನು ಟೇಬಲ್ಲಿನ ಮೇಲಿಟ್ಟು, ನಾಳೆಯೇ ಶಿವಮೊಗ್ಗಕ್ಕೆ ಚರ್ಮದ ಡಾಕ್ಟರ ಹತ್ತಿರ ಹೋಗುವುದಾಗಿಯೂ, ಇನ್ನು ಇಲ್ಲಿಗೆ ತಾವೂ ಬರುವುದಿಲ್ಲ, ಯಾರನ್ನೂ ಕಳಿಸುವುದಿಲ್ಲವೆಂದೂ ಹೇಳಿ, ಮಗಳನ್ನು ಕರೆದುಕೊಂಡು ಇಳಿದು ಹೋದರು.

ತಂಗಿ ಗಿರಾಕಿಗಳನ್ನು ಕೂರಿಸುವ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿ ನೋಡಿದಳು. "ಅಕ್ಕ, ಹೈಸ್ಕೂಲಲ್ಲಿ ಬತ್ತಿತ್ತಲ್ಲ, ಅದೇ ಜಾಗ ನೋಡು. ಅದೇ ಥರ," ಎಂದಳು. ಬೆರಳಿನಲ್ಲಿ ದವಡೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ನನ್ನ ಚರ್ಮವೇ ನಂಗೆ ಅರ್ಥ ಆಗ್ಲಿಲ್ಲ, ಇನ್ನು ಬೇರೇರದ್ದು ಏನು ನೋಡ್ಲಿ. ಮುಚ್ಚಿಬಿಡ್ತೀನಿ ಇದನ್ನ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಅಷ್ಟಕ್ಕೇ ಬಿಟ್ಟು ಬರುತ್ತಿದ್ದೆನೇನೋ. ಅವಳು ಲೆಕ್ಕ ತಪ್ಪಿದ ಮಗುವಿನ ಹಾಗೆ, ತಪ್ಪು ಎಲ್ಲಿ ಎಂದು ನಿಜವಾಗಿಯೂ ಹುಡುಕುತ್ತಿದ್ದಳು. ಅದು ಸಿಗಲಾರದ ಜಾಗದಲ್ಲಿ ಹುಡುಕುತ್ತಿದ್ದಳು.

"ಅದು ಬರೀ ಕುಸುಬೆ ಅಲ್ಲ ಕಣೇ," ಎಂದೆ. "ಕೊಬ್ರಿ ಎಣ್ಣೆ ಬೆರ್ಸಿದ್ದೆ."

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಎಷ್ಟು?"

"ಮೂರರಲ್ಲಿ ಒಂದು ಪಾಲು."

"ತಳದಲ್ಲಿ ಬೆಳ್ಳಗೆ ಕೂತೈತೆ ಅಂದ್ನಲ್ಲ, ಆಗ ಗೊತ್ತಿತ್ತಾ?"

"ಗೊತ್ತಿತ್ತು."

"ನಿಲ್ಲುಸ್ಬೇಡ ಅಂದ್ಯಲ್ಲ?"

"ಆಗ್ಲೂ ಗೊತ್ತಿತ್ತು."

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡಳು. ಬಹಳ ಹೊತ್ತು ತೊಳೆದಳು. ನಾನು, ಎಣ್ಣೆ ಕೆಟ್ಟಿತ್ತು, ಇಲ್ಲ ಎನ್ನಲು ಬಾಯಿ ಬರಲಿಲ್ಲ ಎಂದೆಲ್ಲ ಹೇಳುತ್ತಿದ್ದೆ. ನಲ್ಲಿಯ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಟವಲ್ಲಿನಲ್ಲಿ ಒತ್ತಿ ಒರೆಸಿಕೊಂಡು ಬಂದು ಒಂದೇ ಮಾತು ಹೇಳಿದಳು.

"ಚಪ್ಲಿ ಹಾಕ್ಕೋ. ನಂಗೆ ಹೇಳಿದ್ದನ್ನ ಅವ್ರಿಗೂ ಹೇಳು."

ಬಸ್ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಅವರು ಹೊರಟು ಹೋಗಿದ್ದರು. ಅಜ್ಜಂಪುರದ ಮುಂದಿನ ಬಸ್ಸಿಗೆ ಕಾದೆವು. ಬಸ್ಸು ಖಾಲಿಯಿತ್ತು. ನಾನು ಕಿಟಕಿಯ ಹತ್ತಿರ ಕೂತು ಪಕ್ಕದಲ್ಲಿ ಜಾಗ ಬಿಟ್ಟೆ. ಅವಳು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಅವಳ ಜಡೆಯನ್ನಷ್ಟೇ ನೋಡುತ್ತಿದ್ದೆ. ಕಂಡಕ್ಟರು ಬಂದಾಗ ಅವಳು ಒಂದು ಟಿಕೆಟ್ ತೆಗೆದುಕೊಂಡಳು, ನಾನು ಒಂದು.

ಅವರ ಮನೆಯಲ್ಲಿ ಹಪ್ಪಳ ಸಂಡಿಗೆಯ ಡಬ್ಬಿಗಳನ್ನು ನಡುಮನೆಯಲ್ಲಿ ಜೋಡಿಸುತ್ತಿದ್ದರು. ನೆಂಟರ ಹೆಂಗಸರು ಇಬ್ಬರು ಮೂವರು ಇದ್ದರು. ಒಳಗೆ ಹೋಗಿ ಮಾತಾಡೋಣವೇ ಎಂದು ನಾನು ತಾಯಿಯನ್ನು ಕೇಳಿದೆ. ಅವರು, "ಇಲ್ಲೇ ಹೇಳಿ. ನಿಮ್ಮ ತಂಗಿಗೆ ನಾನು ಹೇಳಿದ್ದನ್ನೂ ಇವ್ರಿಗೆಲ್ಲ ಹೇಳಿಯಾಗೈತೆ," ಎಂದರು. ಅದು ನ್ಯಾಯವೇ ಆಗಿತ್ತು. ಎಲ್ಲರ ಮುಂದೆ ಹೇಳಿದೆ. ಎಣ್ಣೆಯಲ್ಲಿ ಏನು ಬೆರೆಸಿದೆ, ಬಾಟಲಿ ಹೆಪ್ಪುಗಟ್ಟಿದಾಗ ಏನೆಂದೆ, ಮೊಡವೆ ಎದ್ದಾಗ ಏನೆಂದೆ, ಒಂದನ್ನೂ ಬಿಡದೆ ಹೇಳಿದೆ. ತಂಗಿಗೆ ಏನೂ ಗೊತ್ತಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದೆ.

ಹುಡುಗಿ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಇಷ್ಟೇ:

"ಕೊಬ್ರಿ ಎಣ್ಣೆ ನಮ್ಮನೇಲೇ ಇತ್ತಲ್ಲ. ಅದು ಆಗಲ್ಲ ಅಂತ್ಲೇ ಅಲ್ವಾ ನಾನು ಅಷ್ಟು ದೂರ ಬಂದಿದ್ದು?"

ತಾಯಿ ತಂಗಿಯ ಕಡೆ ತಿರುಗಿ, ಅವಳ ಮುಖವನ್ನು ಇನ್ನೊಮ್ಮೆ ಚೆನ್ನಾಗಿ ನೋಡಿ, ಕೂತುಕೋ ಎಂದು ನೀರು ತರಿಸಿಕೊಟ್ಟರು. ನನಗೆ, "ಬಂದು ಹೇಳಿದ್ರಿ, ಸರಿ. ಹೇಳಿದ್ರಿ ಅಂತ ಮಗೀನ ಮುಖ ನೆಟ್ಟಗಾಗಲ್ಲ," ಎಂದರು.

ಅದೇ ಸಂಜೆ ತಂಗಿ ಆ ಹುಡುಗಿಗೆ ಎಲ್ಲ ಎಣ್ಣೆ, ಪ್ಯಾಕು ನಿಲ್ಲಿಸಲು ಹೇಳಿದಳು. ಶಿವಮೊಗ್ಗದ ಡಾಕ್ಟರೂ ಅದನ್ನೇ ಹೇಳಿ ಔಷಧಿ ಬರೆದುಕೊಟ್ಟರಂತೆ. ಮದುವೆಯ ಹೊತ್ತಿಗೆ ಗಂಟುಗಳು ಇಳಿದಿದ್ದವು, ಕಲೆಗಳು ಉಳಿದಿದ್ದವು. ಅಲಂಕಾರಕ್ಕೆ ಬೀರೂರಿನಿಂದ ಬೇರೆಯವರನ್ನು ಕರೆಸಿದರು. ತಂಗಿಯನ್ನು ಮದುವೆಗೆ ಕರೆದಿದ್ದರು, ಅವಳು ಹೋಗಿ ಊಟ ಮಾಡಿ ಬಂದಳು. ಮದುವಣಗಿತ್ತಿಯ ಗದ್ದದ ಹತ್ತಿರ ಬಣ್ಣ ದಪ್ಪಗೆ ಬಳಿದಿದ್ದರು ಎಂದು ನಮ್ಮ ತಾಯಿಯ ಹತ್ತಿರ ಹೇಳಿದಳಂತೆ. ನನಗೆ ಹೇಳಲಿಲ್ಲ. ಆಗ ಅವಳು ನನಗೆ ಫೋನ್ ಮಾಡುತ್ತಿರಲಿಲ್ಲ. ಪಾರ್ಲರ್ ಮುಚ್ಚಲಿಲ್ಲ, ಆದರೆ ಮುಖದ ಎಣ್ಣೆಯ ಶೆಲ್ಫು ಖಾಲಿಯಿತ್ತು. ಕಂಪನಿ ಎಣ್ಣೆಯನ್ನೂ ತರಿಸಲಿಲ್ಲ. ಮೊದಲು ನನ್ನ ಮುಖ ಸರಿಯಾಗಲಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳಂತೆ.

ಯಜಮಾನರಿಗೂ ಹೇಳಿದೆ. ಅವರು ದೋಸೆಯ ತಮಾಷೆಯನ್ನು ಅವತ್ತಿನಿಂದ ಬಿಟ್ಟರು. ನನಗೆ ಅದೂ ಒಂದು ಶಿಕ್ಷೆಯ ಹಾಗೆಯೇ ಇತ್ತು.

ಶಿವರಾತ್ರಿ ಕಳೆದ ಮೇಲೆ ನಾನೇ ಶಿವನಿಯ ಆ ರೈತರ ಹೊಲಕ್ಕೆ ಹೋದೆ. ಕುಸುಬೆ ಒಣಗಿ ನಿಂತಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಕೊಯ್ಯುತ್ತಿದ್ದರು. ನಾನೂ ಕೊಯ್ದೆ, ಬಟ್ಟೆ ದಾಟಿ ಮುಳ್ಳು ಚುಚ್ಚಿತು. ಕಾಳನ್ನು ಮನೆಗೆ ತಂದು ಕೇರಿ, ಬಿಸಿಲಿಗೆ ಹಾಕಿದೆ. ಗಾಣಕ್ಕೆ ಹಾಕುವ ಮೊದಲು ಹಿಂದಿನ ಕೊಬ್ಬರಿಯ ಹಿಂಡಿಯನ್ನು ಕೆರೆದು ತೆಗೆದು, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆವು. ಮೊದಲ ಸಲ ತಿರುಗಿಸಿ ಬಂದ ಎಣ್ಣೆಯನ್ನು ಬೇರೆ ತೆಗೆದಿಟ್ಟು ಎರಡನೆಯದನ್ನು ಮಾತ್ರ ಮುಖಕ್ಕೆ ಇಟ್ಟುಕೊಂಡೆ. ಮಡ್ಡಿ ಇಳಿದ ಮೇಲೆ ಕೊಬ್ಬರಿ ಸೋಕಿದ್ದರೆ ಹೆಪ್ಪುಗಟ್ಟಿ ಕಾಣಲಿ ಎಂದು ಒಂದು ಬಾಟಲಿಯನ್ನು ನಮ್ಮ ಫ್ರಿಜ್ಜಿನಲ್ಲಿಟ್ಟು ಮಾರನೆಯ ದಿನ ತೆಗೆದು ನೋಡಿದೆ. ತಿಳಿಯಾಗಿತ್ತು. ಉಳಿದದ್ದನ್ನು ತಂಪಿನ ಕೋಣೆಯಲ್ಲಿ ಇಟ್ಟೆ.

ಅದನ್ನು ಹಿಡಿದುಕೊಂಡು ತರೀಕೆರೆಗೆ ಹೋದಾಗ ತಂಗಿಯ ಮುಖದ ಗಂಟುಗಳು ಇಳಿದಿದ್ದವು. ದವಡೆಯ ಮೇಲೆ ಕಂದು ಕಲೆಗಳಿದ್ದವು. ಬೇಕಾದರೆ ಇಟ್ಟುಕೋ, ಬೇಡವಾದರೆ ವಾಪಸ್ ತೆಗೆದುಕೊಂಡು ಹೋಗುತ್ತೇನೆ ಎಂದೆ. ಅವಳು ಬಾಟಲಿ ತೆಗೆದುಕೊಂಡಳು.

ಹಿಂದೆಲ್ಲ ನಾನು ಬಾಟಲಿ ಕೊಟ್ಟರೆ ಅವಳು ನಿಂತ ಕಡೆಯೇ ಮುಚ್ಚಳ ತಿರುಗಿಸಿ, ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು, ಉಜ್ಜಿ, ನೇರವಾಗಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಅವತ್ತು ಮುಚ್ಚಳ ಬಿಚ್ಚಲಿಲ್ಲ. ಫೇಸ್ ಪ್ಯಾಕುಗಳನ್ನಿಡುವ ಸಣ್ಣ ಫ್ರಿಜ್ಜಿನ ಬಾಗಿಲು ತೆರೆದು, ಒಂದೆರಡು ಡಬ್ಬಿ ಸರಿಸಿ, ಬಾಟಲಿಯನ್ನು ಒಳಗೆ ನಿಲ್ಲಿಸಿದಳು. "ನಾಳೆ ನೋಡಿ ಹೇಳ್ತೀನಿ ಅಕ್ಕ," ಎಂದಳು. ನಾನು ನೋಡಿಯೇ ತಂದಿದ್ದೇನೆ ಎನ್ನುವ ಮಾತು ಬಾಯಿಗೆ ಬಂತು. ನುಂಗಿಕೊಂಡೆ.

ಮಾರನೆಯ ಬೆಳಿಗ್ಗೆ ಫೋನಿಗೆ ಒಂದು ಫೋಟೋ ಬಂತು. ಗಾಜಿನ ಲೋಟಕ್ಕೆ ಬಗ್ಗಿಸಿದ ಎಣ್ಣೆ, ಕಿಟಕಿಯ ಬೆಳಕಿಗೆ ಹಿಡಿದದ್ದು. ತಿಳಿಯಾಗಿಯೇ ಇತ್ತು. ಶೆಲ್ಫಿನಲ್ಲಿ ಈಗ ಮತ್ತೆ ಎಣ್ಣೆಗಳಿವೆ. ತರೀಕೆರೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬರುತ್ತಿದ್ದಾರೆ, ಅಜ್ಜಂಪುರದಿಂದ ಇನ್ನೂ ಯಾರೂ ಬಂದಿಲ್ಲ. ನಾನು ಬಾಟಲಿ ತೆಗೆದುಕೊಂಡು ಹೋಗುತ್ತಲೇ ಇದ್ದೇನೆ. ಅವಳು ಕಾಫಿ ಕೊಡುತ್ತಾಳೆ, ಯಜಮಾನರನ್ನು, ಗಾಣವನ್ನು ವಿಚಾರಿಸುತ್ತಾಳೆ, ನಗುವುದೂ ಉಂಟು. ಆಮೇಲೆ ಬಾಟಲಿ ಎತ್ತಿಕೊಂಡು ಫ್ರಿಜ್ಜಿನ ಬಾಗಿಲು ತೆರೆಯುತ್ತಾಳೆ. ಅಷ್ಟು ಹೊತ್ತು ನಾನು ಕಿಟಕಿಯ ಕಡೆ ನೋಡುತ್ತಾ ಕಾಫಿ ಕುಡಿಯುತ್ತೇನೆ.